ಹದಿನಾಲ್ಕನೇ ಉತ್ತರ

ಕೇಳುವವರು ಸಾವಿರ, ಹೇಳುವವರು ಹತ್ತು ಎಂಬಂತಾದಾಗ ಯಾರಿಗೋ ಹೊಳೆದ ಉಪಾಯವಿದು: ಪ್ರಶ್ನೆಗಳನ್ನೂ ಜೋಳದ ಹಾಗೆ ಮೊರಕ್ಕೆ ಹಾಕಿ ಕೇರಿದರೆ ಹೇಗೆ? ಕಾಳು ಉಳಿಯುತ್ತದೆ, ಹೊಟ್ಟು ಹಾರಿಹೋಗುತ್ತದೆ. ಹೊಸ ಪ್ರಶ್ನೆಯಾದರೆ ಬಲ್ಲವರ ಮುಂದೆ ಹೋಗಲಿ. ಹಿಂದೆ ಒಬ್ಬರು ಕೇಳಿದ್ದನ್ನೇ ಇನ್ನೊಬ್ಬರು ಕೇಳಿದರೆ ಹಳೆಯ ಉತ್ತರವನ್ನೇ ಕೈಗಿಟ್ಟು ಕಳಿಸಲಿ. ಸಂಬಂಧವಿಲ್ಲದ್ದು ಕೇಳಿದರೆ ಬಾಗಿಲಿನಿಂದಲೇ ತಿರುಗಿಸಲಿ. ಉಪಾಯ ಹೊಳೆದ ಎರಡು ವರ್ಷಕ್ಕೆ ಅಂಥದೊಂದು ಯಂತ್ರಬುದ್ಧಿ ತಯಾರಾಯಿತು. ಅದಕ್ಕೆ ಮೊರ ಎಂದೇ ಹೆಸರು ಬಿತ್ತು.

ಗೂಡಿನ ಕಟ್ಟೆಗೆ ಮೊರ ಬಂದು ಆರು ವರ್ಷವಾಗಿತ್ತು.

ಗೂಡು ಎಂದರೆ ದಿನ ತುಂಬದೆ ಹುಟ್ಟಿದ ಕೂಸನ್ನು ಮಲಗಿಸುವ ಬೆಚ್ಚನೆಯ ಪೆಟ್ಟಿಗೆ. ಮೊದಲು ಅಂಥದು ದೊಡ್ಡ ಆಸ್ಪತ್ರೆಗಳಲ್ಲಿ ಮಾತ್ರ ಇರುತ್ತಿತ್ತು. ಈಗ ಎಂಟು ದಿನ ನೋಡಿಕೊಂಡು, ಕೂಸನ್ನೂ ಪೆಟ್ಟಿಗೆಯನ್ನೂ ಒಟ್ಟಿಗೇ ಮನೆಗೆ ಕಳಿಸುತ್ತಾರೆ. ಮುಚ್ಚಳದ ಒಳಮೈಯಲ್ಲಿ ಕಡಲೆಕಾಳಿನಷ್ಟು ದೊಡ್ಡ ಗಾಜಿನ ಕಣ್ಣೊಂದಿದೆ. ಕೂಸಿನ ಮೈಯಿಂದ ಹೊರಡುವ ಕಾವನ್ನು ಅದು ಮುಟ್ಟದೆಯೇ ಅಳೆಯುತ್ತದೆ. ಮೈ ತಣ್ಣಗಾದರೆ ಪೆಟ್ಟಿಗೆ ಬಿಸಿಯೇರಿಸುತ್ತದೆ, ಬೆಚ್ಚಗಾದರೆ ಇಳಿಸುತ್ತದೆ. ಯಂತ್ರ ಬಲ್ಲವನಿಗೆ ಇಷ್ಟೇ. ಒಂದೂವರೆ ಕೆಜಿಯ ಮೊಮ್ಮಗುವನ್ನು ಒಳಗಿಟ್ಟುಕೊಂಡು ಕೂತ ಅಜ್ಜಿಗೆ ಇಷ್ಟೇ ಅಲ್ಲ. ದೀಪ ಯಾಕೆ ಹಳದಿಯಾಯಿತು, ಗೂಡು ಯಾಕೆ ಗುಂಯ್ ಎನ್ನುತ್ತದೆ, ಮುಚ್ಚಳ ಎಷ್ಟು ಸಲ ತೆಗೆಯಬಹುದು, ಇದನ್ನೆಲ್ಲ ಕೇಳಲು ಡಾಕ್ಟರು ಸಿಗುವುದಿಲ್ಲ. ಅದಕ್ಕೇ ಕಟ್ಟೆ ಹುಟ್ಟಿತ್ತು. ಗೂಡನ್ನು ಬಲ್ಲವರು ಅರಿಯದವರಿಗೆ ಫೋನಿನಲ್ಲೇ ಪುಕ್ಕಟೆ ಹೇಳಿಕೊಡುವ ಜಾಗ ಅದು.

ಕಟ್ಟೆಯಲ್ಲಿ ಉತ್ತರ ಹೇಳಲು ಹತ್ತು ಜನ ಕಾವಲುಗಾರರು. ಅವರಲ್ಲಿ ಎಲ್ಲರಿಗಿಂತ ಬಲ್ಲವನೂ, ಎಲ್ಲರೂ ಹೆದರುತ್ತಿದ್ದವನೂ ಗದುಗಿನ ಫಕ್ಕೀರಪ್ಪ ಕಮ್ಮಾರ. ಐವತ್ಮೂರು ವರ್ಷ. ಆಸ್ಪತ್ರೆಯ ಯಂತ್ರಗಳನ್ನು ರಿಪೇರಿ ಮಾಡುವ ಅಂಗಡಿ ಇಟ್ಟಿದ್ದ. ಯಾವ ಗೂಡನ್ನಾದರೂ ಕಣ್ಣು ಮುಚ್ಚಿಕೊಂಡು ಬಿಚ್ಚಿ ಜೋಡಿಸಬಲ್ಲ. ಆದರೆ ದಡ್ಡ ಪ್ರಶ್ನೆ ಕಂಡರೆ ಅವನ ತಲೆ ಕಾದ ಹಂಚಾಗುತ್ತಿತ್ತು.

ಕಟ್ಟೆಯ ಹದಿನಾಲ್ಕನೇ ಉತ್ತರ ಅವನದೇ. ಆರು ವರ್ಷದ ಹಿಂದೆ ಮುಂಡರಗಿ ಕಡೆಯ ತಂದೆಯೊಬ್ಬ, ಕೈಗೆ ಕೂಸು ಬೆಚ್ಚಗೆ ಹತ್ತಿತೆಂದು ಗೂಡನ್ನು ಆರಿಸಿಬಿಟ್ಟಿದ್ದ. ಕೂಸು ಸೆಟೆದು ಆಸ್ಪತ್ರೆ ಸೇರಿ, ಹದಿನೈದು ದಿನ ಅತ್ತ ಇತ್ತ ಹೊಯ್ದಾಡಿ ಬದುಕಿತು. ಆ ಸಿಟ್ಟಿನಲ್ಲಿ ಫಕ್ಕೀರಪ್ಪ ಬರೆದಿದ್ದ: "ಕೈಯನ್ನು ನಂಬಬೇಡಿ, ಗೂಡನ್ನು ನಂಬಿ. ನಿಮ್ಮ ಕೈ ತಣ್ಣಗಿದ್ದರೆ ಮುಟ್ಟಿದ್ದೆಲ್ಲ ಬೆಚ್ಚಗೇ ಅನ್ನಿಸುತ್ತದೆ. ಕೈಗೆ ಅಷ್ಟು ಬುದ್ಧಿ ಇದ್ದಿದ್ದರೆ ಗೂಡು ಯಾಕೆ ಬೇಕಿತ್ತು?"

ಬರೆದದ್ದರಲ್ಲಿ ಸುಳ್ಳಿರಲಿಲ್ಲ. ಅಂದಿನಿಂದ ಕೈ, ಕೂಸು, ಬೆಚ್ಚಗೆ ಎಂಬ ಮಾತು ಯಾರು ಎತ್ತಿದರೂ ಮೊರ ಹದಿನಾಲ್ಕನೇ ಉತ್ತರವನ್ನು ಕೊಟ್ಟು ಕಳಿಸುತ್ತಿತ್ತು.

ಆ ಗುರುವಾರ ಮೊರ ಒಂದು ಹೆಸರನ್ನು ಅವನ ಮುಂದೆ ತಂದಿಟ್ಟಿತು. ಮಾಬೂಬಿ ನದಾಫ, ಲಕ್ಷ್ಮೇಶ್ವರ. ಉತ್ತರ ಕೊಟ್ಟ ಮೇಲೂ ಅದನ್ನೇ ನಾಲ್ಕನೇ ಸಲ ಕೇಳಿದವರನ್ನು ಮೊರ ಹಟಮಾರಿ ಎಂದು ಗುರುತಿಸುತ್ತದೆ. ಅಂಥವರನ್ನು ಒಂದು ತಿಂಗಳು ಹೊರಗಿಡಬೇಕೋ ಬೇಡವೋ ಎಂದು ತೀರ್ಮಾನಿಸುವುದಷ್ಟೇ ಕಾವಲುಗಾರನ ಕೆಲಸ. ಮುದುಕಿ ಬಾಯಿಂದ ಹೇಳಿದ್ದು ಅಕ್ಷರವಾಗಿ ಮೂಡಿತ್ತು: "ಇನ್ನೂ ತಣ್ಣಗೈತಿ ಅಂತೈತಿ ಗೂಡು. ನಾ ಮುಟ್ಟಿದ್ರ ಬೆಚ್ಚಗೈತಿ. ಯಾರ ಮಾತು ನಂಬೂದು?"

ಫಕ್ಕೀರಪ್ಪ ಬೆಸುಗೆ ಕಡ್ಡಿ ಕೆಳಗಿಟ್ಟು, ಒಂದೇ ಉಸಿರಿಗೆ ಹೇಳಿ ಕಳಿಸಿದ: "ನಾಕ್ ಸಲ ಕೊಟ್ಟ ಉತ್ತರ ಕನ್ನಡದಾಗ ಐತಿ. ಓದಾಕ ಬರೂದಿಲ್ಲಂದ್ರ ಬರೋರ ಕಡೆ ಓದಿಸ್ಕೊಳ್ರಿ." ಹೊರಗಿಡುವ ಗುಂಡಿ ಒತ್ತಿದ. ಹಸಿವಾಗಿತ್ತು. ಅಂಗಡಿಯ ಹಿಂದೆಯೇ ಮನೆ. ಊಟಕ್ಕೆ ಹೋದ.

ಹೆಂಡತಿ ಗೌರವ್ವ ರೊಟ್ಟಿ ಬಡಿಯುತ್ತಿದ್ದಳು. ಓಣಿಯ ಬಾಣಂತಿಯರಿಗೂ ಕೂಸುಗಳಿಗೂ ಇಪ್ಪತ್ತು ವರ್ಷದಿಂದ ನೀರು ಎರೆಯುವವಳು ಅವಳೇ. ಬೆಳಗಿನ ಎರಡು ಮನೆ ಮುಗಿಸಿ ಬಂದು ಒಲೆಯ ಮುಂದೆ ಕೂತಿದ್ದಳು.

"ಇವತ್ ಯಾರಿಗೆ ಬೈದು ಬಂದ್ರಿ?"

"ಬೈದಿಲ್ಲ. ಓದ್ಕೋ ಅಂದೆ."

"ನಿಮ್ಮ ಬಾಯಾಗ ಅದೂ ಬೈಗುಳನ."

ಫಕ್ಕೀರಪ್ಪ ರೊಟ್ಟಿ ಮುರಿಯುತ್ತ ಸಂಗತಿ ಹೇಳಿದ. ಹೇಳುತ್ತ ಹೇಳುತ್ತ ಸಿಟ್ಟು ಮತ್ತೆ ಏರಿತು. "ಈ ಎರಡು ತಿಂಗಳಾಗ ಇದನ್ನ ಕೇಳಿದೋರು ಇನ್ನೂರು ಮಂದಿ ಇರಬೇಕು ನೋಡು. ಎಲ್ಲಾರಿಗೂ ತಮ್ಮ ಕೈನ ದೊಡ್ಡದು."

ಗೌರವ್ವ ಬಡಿಯುವುದನ್ನು ನಿಲ್ಲಿಸಿದಳು. "ಮೊದಲ ಇಷ್ಟ್ ಮಂದಿ ಕೇಳ್ತಿದ್ರೇನು?"

"ತಿಂಗಳಿಗೆ ನಾಕೋ ಐದೋ."

"ಈಗ ಇನ್ನೂರಂದ್ರ ಇನ್ನೂರ ಮಂದಿ ಕೈ ಒಮ್ಮೆಲೇ ಕೆಟ್ಟುವೇನು?"

ಅವನು ಇನ್ನೊಂದು ರೊಟ್ಟಿಗೆ ಕೈ ಚಾಚಿದ.

"ಹೋಗ್ಲಿ, ಗೂಡು ಹಂಗ ಅನ್ನೋದು ಯಾವಾಗಂತ? ಕೂಸಿನ ಮೈ ಒರಸೂಕ್ಕಿಂತ ಮೊದಲೋ, ಆಮ್ಯಾಲೋ?"

ಇದೆಂಥ ಪ್ರಶ್ನೆ ಎಂದುಕೊಂಡ. ಕಟ್ಟೆಯಲ್ಲಿ ಪ್ರಶ್ನೆ ಕೇಳುವವರು ಗೂಡಿನ ಮಾದರಿ, ದೀಪದ ಬಣ್ಣ, ಮನೆಯ ಕರೆಂಟಿನ ಬಲ ಎಲ್ಲ ತುಂಬಬೇಕು. ಮೈ ಒರೆಸಿದ ಹೊತ್ತು ತುಂಬುವ ಜಾಗ ಅಲ್ಲಿರಲಿಲ್ಲ. ಆದರೂ ಎಡಗೈಯಲ್ಲಿ ಫೋನು ತೆಗೆದು ನೋಡಿದ. ಮಾಬೂಬಿಯ ನಾಲ್ಕೂ ಪ್ರಶ್ನೆಗಳು ನಾಲ್ಕು ದಿನ ಬಂದಿದ್ದವು. ನಾಲ್ಕೂ ಹನ್ನೊಂದು ಗಂಟೆಯ ಆಸುಪಾಸು.

"ಹನ್ನೊಂದಕ್ಕ," ಎಂದ.

"ಹಂಗಂದ್ರ ಕೂಸಿನ ಮೈ ಒರಿಸಿ, ಲೋಬಾನ ಹಾಕಿ ಮಲಗಿಸಿದ ಮ್ಯಾಲ."

"ಗೂಡಿನಾಗಿರೋ ಕೂಸಿಗೆ ಯಾವ ಲೋಬಾನ?"

"ಕೂಸಿಗಲ್ಲ. ಅಷ್ಟ್ ಸಣ್ಣ ಕೂಸಿಗೆ ಯಾರೂ ಹೊಗಿ ಹಿಡಿಯೂದಿಲ್ಲ. ಕೂಸನ್ನ ಹೊರಗ ತಗದಾಗ ಗೂಡಿಗೆ ಹಿಡೀತಾರ. ತೊಟ್ಟಿಲಿಗೆ ಹಿಡಿಯಾಂಗಿಲ್ಲೇನು, ಹಂಗ. ಮುಚ್ಚಳ ತಗದು, ಒಳಗ ಒಂದ್ ಸುತ್ತ ಹೊಗಿ ತೋರಿಸಿ, ಮುಚ್ಚಿ ಇಟ್ಟು, ಆಮ್ಯಾಲ ಕೂಸನ್ನ ಮಲಗಿಸೋದು. ದೃಷ್ಟಿ ಆಗಬಾರದಂತ. ನಾನೂ ಮೂರು ಮನ್ಯಾಗ ಹಿಡದೀನಿ." ಗಂಡನ ಮುಖ ನೋಡಿ ಅವಳ ದನಿ ಇಳಿಯಿತು. "ಯಾಕ್ರೀ, ಹಿಡೀಬಾರದೇನು? ಯಾರೂ ಹೇಳ್ಲಿಲ್ಲ."

ಫಕ್ಕೀರಪ್ಪ ತುತ್ತನ್ನು ತಟ್ಟೆಗೇ ಹಾಕಿದ. ಲೋಬಾನವೆಂದರೆ ಮರದ ಅಂಟು, ರಾಳ. ಬೆಸುಗೆ ಹಾಕುವಾಗ ಏಳುವ ರಾಳದ ಹೊಗೆ ಅವನ ಭೂತಗನ್ನಡಿಯ ಮೇಲೆ ದಿನವೂ ತೆಳ್ಳಗೆ ಕೂರುತ್ತಿತ್ತು. ಕಣ್ಣಿಗೆ ಕಾಣದಷ್ಟು ತೆಳು. ಆದರೆ ಸ್ಪಿರಿಟ್ ಹಚ್ಚಿ ಒರೆಸದಿದ್ದರೆ ಎರಡೇ ದಿನಕ್ಕೆ ಗಾಜು ಕುರುಡಾಗುತ್ತದೆ. ಗೂಡಿನ ಕಣ್ಣೂ ಗಾಜೇ. ಅದು ಮಸುಕಾದರೆ ಕೂಸಿನ ಕಾವು ಪೂರ್ತಿ ಒಳಗೆ ಹೋಗುವುದಿಲ್ಲ. ಕೂಸು ತಣ್ಣಗಿದೆ ಎಂದು ಗೂಡು ತಿಳಿಯುತ್ತದೆ. ಇನ್ನಷ್ಟು ಬಿಸಿಯೇರಿಸುತ್ತದೆ. ದಿನ ತುಂಬದ ಕೂಸಿಗೆ ಬೆವರಲೂ ಬರುವುದಿಲ್ಲ.

"ಕೆಂಡ ಐತೇನು ಒಲ್ಯಾಗ?" ಎಂದ.

ರಿಪೇರಿಗೆ ಬಂದ ಹೊಸ ಮಾದರಿಯ ಗೂಡೊಂದು ಅಂಗಡಿಯಲ್ಲಿತ್ತು. ಹಳೆಯ ಮಾದರಿಯಲ್ಲಿ ಕಣ್ಣು ಪಕ್ಕದ ಗೋಡೆಯಲ್ಲಿ, ಒಂದು ಕೊಳವೆಯ ಒಳಗೆ ಅಡಗಿರುತ್ತಿತ್ತು. ಎರಡು ತಿಂಗಳ ಹಿಂದೆ ಬಂದ ಹೊಸದರಲ್ಲಿ ಕಣ್ಣು ಮುಚ್ಚಳದ ನಟ್ಟನಡುವೆ ತೆರೆದೇ ಇದೆ. ಕಟ್ಟೆಯ ಹತ್ತೂ ಕಾವಲುಗಾರರು ಹಳೆಯದರ ಮೇಲೆ ಕಲಿತವರು. ಹತ್ತೂ ಜನ ಗಂಡಸರು.

ಫಕ್ಕೀರಪ್ಪ ರಬ್ಬರ್ ಚೀಲಕ್ಕೆ ಬಿಸಿನೀರು ತುಂಬಿ, ಅದಕ್ಕೊಂದು ಥರ್ಮಾಮೀಟರು ಕಟ್ಟಿ, ಕೂಸಿನ ಜಾಗದಲ್ಲಿ ಮಲಗಿಸಿದ. ಚೀಲ ಮೂವತ್ತೇಳು ಡಿಗ್ರಿ. ಗೂಡೂ ಮೂವತ್ತೇಳು ಎಂದಿತು. ಚೀಲ ಹೊರತೆಗೆದ. ಗೌರವ್ವ ಕೆಂಡದ ಬಟ್ಟಲಿಗೆ ಲೋಬಾನದ ಪುಡಿ ಉದುರಿಸಿ, ಬಾಣಂತಿ ಕೋಣೆಯಲ್ಲಿ ಮಾಡುವಂತೆಯೇ ಗೂಡಿನೊಳಗೆ ಒಂದು ಸುತ್ತು ತಿರುಗಿಸಿ ಮುಚ್ಚಳ ಹಾಕಿದಳು. ಹೊಗೆ ಆರಿದ ಮೇಲೆ ಚೀಲ ಮತ್ತೆ ಒಳಗೆ ಹೋಯಿತು. ಚೀಲ ಮೂವತ್ತೇಳು. ಗೂಡು ಮೂವತ್ತಾರು ಮುಕ್ಕಾಲು ಎಂದಿತು.

"ಸ್ವಲ್ಪ ಅಲ್ಲೇನ್ರೀ?" ಎಂದಳು ಗೌರವ್ವ.

"ಒಂದ್ ದಿನದ್ದು. ಇನ್ನೊಮ್ಮೆ ಹಿಡಿ."

ಐದನೇ ಸಲ ಹೊಗೆ ಹಿಡಿದ ಮೇಲೆ ಗೂಡು ಮೂವತ್ತೈದೂವರೆ ಎಂದು ಹೇಳಿ ಹಳದಿ ದೀಪ ಹಚ್ಚಿ, ಗುಂಯ್ ಎಂದು ಬಿಸಿಯೇರಿಸತೊಡಗಿತು. ಅರ್ಧ ಗಂಟೆಗೆ ಚೀಲ ಮೂವತ್ತೆಂಟನ್ನು ದಾಟಿತು. ಫಕ್ಕೀರಪ್ಪ ಅರಳೆಗೆ ಸ್ಪಿರಿಟ್ ಹಚ್ಚಿ ಕಣ್ಣನ್ನು ಒಮ್ಮೆ ಒರೆಸಿದ. ಅರಳೆ ಹಳದಿಯಾಯಿತು. ಗೂಡು ತಕ್ಷಣ ಮೂವತ್ತೆಂಟು ಎಂದು ಕಂಡುಕೊಂಡು, ತಪ್ಪು ತಿಳಿದವರ ಹಾಗೆ ಬಿಸಿಯನ್ನು ನಿಲ್ಲಿಸಿತು.

ಇನ್ನೂರು ಜನ ಕೇಳಿದ್ದರು. ಇನ್ನೂರು ಜನರಿಗೂ ಗೂಡನ್ನೇ ನಂಬಿ ಎಂದು ಹೇಳಿದವನು ತಾನು.

ಮೊರವನ್ನು ನೋಡಿಕೊಳ್ಳುತ್ತಿದ್ದವಳು ಮಂಗಳೂರಿನ ಮೆಲಿಟಾ ಡಿಸೋಜ ಎಂಬ ಹುಡುಗಿ. ಫಕ್ಕೀರಪ್ಪ ಅವಳಿಗೆ ಫೋನು ಹಚ್ಚಿದ.

"ಮೆಲಿಟಾ, ಮೊರ ಹಾರಿಸಿದ ಹೊಟ್ಟು ಎಲ್ಲಿ ಹೋಗತೈತಿ?"

"ಎಲ್ಲಿಗೂ ಹೋಗುದಿಲ್ಲ ಸರ್. ಒಂದು ಕಡೆ ರಾಶಿ ಬಿದ್ದಿರ್ತದೆ. ಯಾರೂ ನೋಡುದಿಲ್ಲ ಅಷ್ಟೆ."

"ಈಗ ನೋಡು. ಕೈ ಬಗ್ಗೆ ಕೇಳಿದೋರ ಹೆಸರು ತಗಿ. ಆ ರಾಶ್ಯಾಗ ಅವರ ಬ್ಯಾರೆ ಪ್ರಶ್ನಿ ಒಳಗ ಲೋಬಾನ, ಧೂಪ, ಸಾಂಬ್ರಾಣಿ, ಏನರ ಐತೇನು ಹುಡುಕು."

ಆಚೆ ಕೀಲಿಮಣೆ ಟಕಟಕ ಎಂದಿತು. ಆಮೇಲೆ ಮೆಲಿಟಾಳ ದನಿ ಸಣ್ಣದಾಗಿ ಬಂತು. "ಎರಡು ತಿಂಗಳಲ್ಲಿ ಕೈ ಬಗ್ಗೆ ಕೇಳಿದವರು ಇನ್ನೂರ ಹನ್ನೆರಡು ಜನ ಸರ್. ಅವರಲ್ಲಿ ಅರವತ್ತೊಂದು ಜನ ಅದಕ್ಕಿಂತ ಮೊದಲೇ ಕೇಳಿದ್ದಾರೆ, ಗೂಡಿಗೆ ಧೂಪ ಹಿಡಿಯಬಹುದಾ ಅಂತ. ಇದು ಯಂತ್ರಕ್ಕೆ ಸಂಬಂಧಿಸಿದ ಪ್ರಶ್ನೆ ಅಲ್ಲ ಅಂತ ಮೊರ ವಾಪಸು ಕಳಿಸಿದೆ."

"ಅರವತ್ತೊಂದು."

"ಹೌದು. ನಾನೇ ಅದಕ್ಕೆ ಹಾಗೆ ಕಲಿಸಿದ್ದು ಸರ್. ಅಡುಗೆ, ಪೂಜೆ, ದೃಷ್ಟಿ, ಇದೆಲ್ಲ ಬಂದ್ರೆ ಬಿಟ್ಟುಬಿಡು ಅಂತ. ನೀವೇ ಹೇಳಿದ್ದಿರಿ, ತಲೆ ತಿನ್ತಾರೆ ಅಂತ."

ಅದೂ ನಿಜ. ಹೇಳಿದ್ದ.

"ಎಲ್ಲಾ ನಂಬರ್ ಕಳಸು. ಹತ್ತೂ ಮಂದಿಗೆ ಹಂಚು. ಮೆಸೇಜಲ್ಲ, ಫೋನ್. ಕೂಸನ್ನ ಹೊರಗ ತಗೀಬೇಕು, ಅವ್ವನ ಎದಿಗೆ ಹಚ್ಚಬೇಕು, ಹೊಗಿ ಕುಂತ ಗೂಡಿನ ಕಣ್ಣು ಸ್ಪಿರಿಟ್ ಹಚ್ಚಿ ಒರಸಬೇಕು, ಕೂಸು ಕಾದಿದ್ರ ಸೀದಾ ದವಾಖಾನಿ. ನಾ ಗೂಡು ಮಾಡಿದ ಕಂಪನಿಗೂ ಡಾಕ್ಟರಿಗೂ ಹೇಳ್ತೀನಿ."

ಮೊದಲು ಹದಿನಾಲ್ಕನೇ ಉತ್ತರವನ್ನು ತೆಗೆದ. ಕಟ್ಟೆ ಕೇಳಿತು: "ಈ ಉತ್ತರಕ್ಕೆ ಮೂರು ಸಾವಿರ ಜನ ಧನ್ಯವಾದ ಹೇಳಿದ್ದಾರೆ. ಅಳಿಸಬೇಕೇ?" ಬೈಗುಳವೊಂದು ಬಾಯಿಗೆ ಬಂತು. ಯಾರಿಗೆ ಬೈಯಬೇಕು? ಗುಂಡಿ ಒತ್ತಿದ.

ಆಮೇಲೆ ಮಾಬೂಬಿಯ ನಂಬರು ಒತ್ತಿದ. ನಾಲ್ಕು ದಿನ ಕೇಳಿದ ಮುದುಕಿ. ಇವತ್ತು ಅವಳ ಮುಂದೆ ಬಾಗಿಲನ್ನೂ ಹಾಕಿದ್ದ.

"ಯಾರು?"

"ನಾನ್ರೀ ಅವ್ವಾರ, ಕಟ್ಟಿಯವ. ಫಕ್ಕೀರಪ್ಪ ಕಮ್ಮಾರ."

"ಓ, ಬೈಯಾಂವ."

"ಹೂಂ, ಅವನ. ಕೂಸು ಹೆಂಗೈತ್ರೀ?"

"ಮಕ್ಕೊಂಡೈತಿ. ಎಬ್ಬಿಸಿದ್ರೂ ಏಳವಲ್ದು."

ಕಾದ ಕೂಸಿನ ಮೊದಲ ಗುರುತೇ ಮಂಕು. "ಗೂಡಿನಾಗೇನ್ರೀ?"

"ಗೂಡಿನಾಗ್ಯಾಕ ತಮ್ಮಾ? ಅವರವ್ವನ ಎದಿಮ್ಯಾಲ. ಹೊಟ್ಟಿ ತುಂಬ ಕುಡದೈತಿ, ಅದಕ್ಕ ಏಳವಲ್ದು. ಮೂರು ದಿನ ಆತು, ಗೂಡಿನಾಗ ಹಾಕೇ ಇಲ್ಲ."

"ನನ್ನ ಉತ್ತರ ನೋಡಲಿಲ್ಲೇನ್ರೀ?"

"ನೋಡಿದ್ಯಾ. ನನ್ನ ಸೊಸಿ ಓದಿ ಹೇಳಿದ್ಲು. ಕೈಗೆ ಬುದ್ಧಿ ಇದ್ದಿದ್ರ ಅಂತ ಬರದೀಯಲ್ಲ? ಈ ಕೈಲೆ ಹದಿನಾರು ಮೊಮ್ಮಕ್ಕಳನ್ನ ಎತ್ತೀನಿ. ಹಂಗ ಮಾತಾಡೋನ ಮಾತು ಯಾರು ಕೇಳ್ತಾರ? ನೆಟ್ಟಗ ಹೇಳಿದ್ರ ಕೇಳ್ತಿದ್ನೋ ಏನೋ."

ಫಕ್ಕೀರಪ್ಪ ಸ್ಟೂಲಿನ ಮೇಲೆ ಕೂತ. ನಗು ಬಂತೋ ಅಳು ಬಂತೋ ಅವನಿಗೇ ತಿಳಿಯಲಿಲ್ಲ. ತನ್ನ ಬಾಯಿ ಕೆಟ್ಟದ್ದಾಗಿದ್ದರಿಂದ ಒಂದು ಕೂಸು ಉಳಿದಿತ್ತು.

"ಮತ್ತ ದಿನಾ ಯಾಕ ಕೇಳಿದ್ರಿ?"

"ನಾ ಎಲ್ಲಿ ಕೇಳಿದೆ? ಹೇಳಿದ್ಯಾ. ಪೆಟ್ಟಿಗಿ ದವಾಖಾನೀದು. ದಿನಾ ಹನ್ನೊಂದಕ್ಕ ಒಂದು ಸೀಸ್ಯಾಗ ಬಿಸಿನೀರು ಹಾಕಿ ಒಳಗಿಟ್ಟು ನೋಡ್ತಿದ್ದೆ, ಸುಧಾರಿಸೇತೇನಂತ. ನಾಳಿಗೆ ಇನ್ನೊಂದ್ ಕೂಸಿಗೆ ಕೊಡ್ತಾರಲ್ಲ. ಕೆಟ್ಟೈತಿ ಅಂತ ಹೇಳೂದು ಬ್ಯಾಡೇನು?"

"ತಪ್ಪಾತ್ರೀ ಅವ್ವಾರ."

"ಆಗ್ಲಿ ಬಿಡು. ಉಳಿದೋರಿಗೆ ಫೋನ್ ಹಚ್ಚು ಹೋಗು."

ಉಳಿದವರೆಂದರೆ ಇನ್ನೂರ ಹನ್ನೊಂದು. ಹತ್ತು ಜನ ಕಾವಲುಗಾರರು, ಮೆಲಿಟಾ, ಕೊನೆಗೆ ಗೌರವ್ವ ಕೂಡ ಫೋನು ಹಿಡಿದರು. ಮಧ್ಯಾಹ್ನವೆಲ್ಲ ಅಂಗಡಿಯಲ್ಲಿ ಇದೇ ಮಾತು. ಕೆಲವರು ಗೂಡನ್ನು ಆಗಲೇ ಹಿಂದಿರುಗಿಸಿದ್ದರು. ಕೆಲವರು ಹೊಗೆ ಹಿಡಿಯುವುದನ್ನು ತಾವೇ ಬಿಟ್ಟಿದ್ದರು. ಮಾಬೂಬಿಯ ಹಾಗೆ ಸಿಟ್ಟಾಗಿ ಮಾತು ಮೀರಿದವರೂ ಒಂದಷ್ಟು ಜನ ಇದ್ದರು. ಮೂರು ಕೂಸುಗಳ ಮೈ ಕಾದಿತ್ತು. ಅವು ಆಸ್ಪತ್ರೆ ಸೇರಿದವು. ನಾಲ್ಕು ಗಂಟೆಯ ಹೊತ್ತಿಗೆ ಮೂರೂ ಕಡೆಯಿಂದ ಸುದ್ದಿ ಬಂತು: ಕಾವು ಇಳಿದಿದೆ, ಹಾಲು ಕುಡಿಯುತ್ತಿವೆ, ಭಯವಿಲ್ಲ. ಮೆಲಿಟಾ ಪಟ್ಟಿಯಲ್ಲಿ ಒಂದೊಂದೇ ಹೆಸರನ್ನು ಹಸಿರು ಮಾಡುತ್ತ ಬಂದಳು.

ಐದಕ್ಕೆ ಒಂದೇ ಹೆಸರು ಉಳಿಯಿತು. ಕಳಕವ್ವ ತಳವಾರ, ಗಜೇಂದ್ರಗಡದ ಹತ್ತಿರದ ಹಳ್ಳಿ. ವಯಸ್ಸು ಹತ್ತೊಂಬತ್ತು, ಚೊಚ್ಚಲ ಬಾಣಂತಿ. ಆರು ಸಲ ಗಂಟೆ ಹೊಡೆದರೂ ಎತ್ತಿರಲಿಲ್ಲ. ಹದಿನಾಲ್ಕನೇ ಉತ್ತರ ಬಂದ ಮೇಲೆ ಅವಳು ಬರೆದಿದ್ದ ಸಾಲು ಪಟ್ಟಿಯಲ್ಲಿತ್ತು: "ತಪ್ಪಾತ್ರೀ ಸರ್. ಇನ್ನ ಕೇಳೂದಿಲ್ಲ."

ಫಕ್ಕೀರಪ್ಪ ಆ ಸಾಲನ್ನು ಎರಡು ಸಲ ಓದಿದ. ಇವಳು ಮಾತು ಕೇಳಿದವಳು. ಹೇಳಿದ್ದನ್ನು ಹೇಳಿದ ಹಾಗೆ ಮಾಡಿದವಳು.

ಗೌರವ್ವ ಆ ಊರಿನ ಆಶಾ ಕಾರ್ಯಕರ್ತೆಯ ನಂಬರು ಹುಡುಕಿ ಅವಳನ್ನು ಹೊರಡಿಸಿದಳು. ಫಕ್ಕೀರಪ್ಪ ಏಳನೇ ಸಲ ಕಳಕವ್ವನಿಗೆ ಹಚ್ಚಿದ. ಗಂಟೆ ನಿಲ್ಲುವ ಹೊತ್ತಿಗೆ ಯಾರೋ ಎತ್ತಿದರು.

"ಕಳಕವ್ವಾ, ಕಟ್ಟಿಯಿಂದ ಮಾತಾಡಾಕತ್ತೀನಿ."

"ಗೊತ್ತೈತ್ರೀ. ಕಟ್ಟಿ ನಂಬರ್ ಅಂತ ನೋಡಿನ ಎತ್ತಲಿಲ್ಲ. ನಾ ಮತ್ತೇನೂ ಕೇಳಿಲ್ರೀ ಸರ್."

"ಕೇಳಿಲ್ಲವ್ವ, ನಿನ್ನ ತಪ್ಪಿಲ್ಲ. ತಪ್ಪು ನಂದು. ಕೂಸು ಎಲ್ಲೈತಿ?"

"ಗೂಡಿನಾಗ. ತಣ್ಣಗದಾನ ಅಂತೈತ್ರೀ ಗೂಡು. ಕೈಗೆ ಭಾಳ ಬೆಚ್ಚಗ ಹತ್ತತಾನ. ನಾ ಕೈ ನಂಬಿಲ್ರೀ."

"ಈಗ ನಂಬು. ಮುಚ್ಚಳ ತಗಿ. ಕೂಸನ್ನ ಎತ್ತಿ ಎದಿಗೆ ಹಚ್ಕೋ. ನಿನ್ನ ಮೈಗೆ ಅವನ ಮೈ ಹತ್ತಬೇಕು. ಮ್ಯಾಲ ಒಂದ ತೆಳು ಅರಿವಿ, ಸಾಕು. ಫೋನ್ ಇಡಬ್ಯಾಡ."

ಮುಚ್ಚಳ ತೆಗೆದ ಸದ್ದು ಕೇಳಿತು. ಬಟ್ಟೆಯ ಸರಬರ. ಗೌರವ್ವ ಬಾಗಿಲಿಗೆ ಒರಗಿ ನಿಂತಿದ್ದಳು. ಫಕ್ಕೀರಪ್ಪ ಕಾದ. ತಾನು ಆರು ವರ್ಷದಲ್ಲಿ ಹೀಗೆ ಯಾರ ಉತ್ತರಕ್ಕೂ ಕಾದಿರಲಿಲ್ಲವೆಂದು ಅವನಿಗೆ ಆಗ ಹೊಳೆಯಿತು.

"ಅಂಗಾಲು ಮುಟ್ಟಿ ನೋಡು. ಮಲಿಗೆ ಬಾಯಿ ಹಚ್ಚತಾನೇನು?"

"ಇಲ್ರೀ. ಸುಮ್ಮನದಾನ."

"ಅಂಗಾಲು ತಿಕ್ಕು. ಸಣ್ಣಗ. ತಿಕ್ಕಕೋತ ಇರು."

ಒಂದು ನಿಮಿಷವಾಯಿತೋ ಎರಡಾಯಿತೋ. ಆಚೆಯಿಂದ ಬೆಕ್ಕಿನ ಮರಿಯಂಥ ಸಣ್ಣ ದನಿಯೊಂದು ಎದ್ದಿತು. ನಿಂತಿತು. ಮತ್ತೆ ಎದ್ದು, ಈ ಸಲ ಗಟ್ಟಿಯಾಗಿ, ಸಿಟ್ಟಿನಿಂದ ಮುಂದುವರಿಯಿತು.

"ಅಳಾಕತ್ತಾನ್ರೀ ಸರ್."

"ಅಳಲಿ ಬಿಡವ್ವ. ಅಳಲಿ."

ಗೌರವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಹತ್ತು ನಿಮಿಷಕ್ಕೆ ಆಶಾ ಕಾರ್ಯಕರ್ತೆ ಥರ್ಮಾಮೀಟರಿನೊಂದಿಗೆ ಆ ಮನೆ ಸೇರಿದಳು. ಮೂವತ್ತೆಂಟಕ್ಕೆ ಸ್ವಲ್ಪ ಕಡಿಮೆ ಎಂದಳು. ಇನ್ನರ್ಧ ಗಂಟೆಗೆ ಮೂವತ್ತೇಳು. ಡಾಕ್ಟರೊಂದಿಗೂ ಮಾತಾಡಿದಳು. ನಾಳೆ ಬೆಳಿಗ್ಗೆ ತಂದು ತೋರಿಸಿದರೆ ಸಾಕು ಎಂದರಂತೆ. ಕೂಸು ಹಾಲು ಕುಡಿಯುವ ಚಪ್ ಚಪ್ ಸದ್ದು ಫೋನಿನಲ್ಲೇ ಕೇಳುತ್ತಿತ್ತು. ಮೆಲಿಟಾ ಕೊನೆಯ ಹೆಸರನ್ನೂ ಹಸಿರು ಮಾಡಿ, "ಮುಗೀತು ಸರ್, ಎಲ್ಲ ಮಕ್ಕಳೂ ಹುಷಾರಿದ್ದಾರೆ," ಎಂದು ಬರೆದಳು.

ಫಕ್ಕೀರಪ್ಪ ಫೋನು ಇಡಬೇಕೆನ್ನುವಷ್ಟರಲ್ಲಿ ಕಳಕವ್ವ ಕೇಳಿದಳು. "ಸರ್, ಒಂದ್ ಕೇಳ್ಲೇನ್ರೀ?"

"ಕೇಳವ್ವ."

"ಬೈಯೂದಿಲ್ಲಲ್ರೀ?"

"ಇಲ್ಲ."

ಅವಳು ಕೇಳಿದಳು. ಗೂಡಿನ ದೀಪದಿಂದ ಕೂಸಿನ ಕಣ್ಣು ಕೆಡುವುದಿಲ್ಲವೇ? ಕರೆಂಟು ಹೋದಾಗ ಗೂಡು ಎಷ್ಟು ಹೊತ್ತು ತಡೆಯುತ್ತದೆ? ಒಳಗಿನ ಹಾಸಿಗೆಯನ್ನು ಬಿಸಿಲಿಗೆ ಹಾಕಬಹುದೇ? ಗೂಡಿನ ಹತ್ತಿರ ಜೋಗುಳ ಹಾಡಿದರೆ ಯಂತ್ರಕ್ಕೆ ತೊಂದರೆಯೇ? ಮೂರು ವಾರದಿಂದ ಕೂಡಿಟ್ಟುಕೊಂಡಿದ್ದವು ಒಂದರ ಹಿಂದೆ ಒಂದು ಬಂದವು. ಅರ್ಧಕ್ಕರ್ಧ ಗೂಡಿನ ಜೊತೆ ಕೊಡುವ ಪುಸ್ತಕದಲ್ಲೇ ಇದ್ದವು. ಅದನ್ನು ಹೇಳಲು ಎರಡು ಸಲ ಬಾಯಿ ತೆರೆದ ಫಕ್ಕೀರಪ್ಪ, ಎರಡು ಸಲವೂ ನುಂಗಿಕೊಂಡು ಉತ್ತರವನ್ನೇ ಹೇಳಿದ. ಐದನೆಯದಕ್ಕೆ ಸ್ಟೂಲು ಬಿಟ್ಟು ಕುರ್ಚಿ ಎಳೆದುಕೊಂಡ.

"ಇದೊಂದ ಕಡೀದ್ರೀ," ಎಂದಳು. "ಅಂವ ನಿದ್ದ್ಯಾಗ ಒಂದೊಂದ್ ಸಲ ನಗತಾನ್ರೀ ಸರ್. ಗೂಡು ಅವಂಗ ಏನರ ತೋರಸ್ತೈತೇನು?"

ಫಕ್ಕೀರಪ್ಪ ಗೂಡಿನ ಒಂದೊಂದು ತಂತಿಯನ್ನೂ ಮನಸ್ಸಿನಲ್ಲೇ ತಡವಿ ನೋಡಿದ.

"ನನಗ ಗೊತ್ತಿಲ್ಲವ್ವ," ಎಂದ. "ತಡಿ, ಗೊತ್ತಿದ್ದೋರಿಗೆ ಕೊಡ್ತೀನಿ." ಫೋನನ್ನು ಗೌರವ್ವನ ಕೈಗಿಟ್ಟು, ಅವಳು ಏನು ಹೇಳುತ್ತಾಳೆಂದು ಕೇಳಲು ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡ.